ಸಿದ್ದಗಂಗಯ್ಯನವರು ಬೆಟ್ಟ ಹಿಡಿಯಲು ಹೋದದ್ದು

"ಬೆಟ್ಟಾನ ತಂದು ನಿನ್ನ ಅಂಗೈಲಿ ಇಡ್ತೀನಿ ಕಣೇ! ಇಡದೆ ಹೋದ್ರೆ ನನ್ನ ಹೆಸರು ಸಿದ್ದಗಂಗಯ್ಯನೇ ಅಲ್ಲ!"

ಕೊರಟಗೆರೆಯ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದ ಸಿದ್ದಗಂಗಯ್ಯನವರು ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ, ಅವರ ಹೆಂಡತಿ ರಾಜಲಕ್ಷ್ಮಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಹೆಸರು ಬದಲಾಯಿಸ್ಬೇಕು ಅಂದ್ರೆ ಅಫಿಡವಿಟ್ ಮಾಡಿಸ್ಬೇಕಾಗ್ತದೆ. ಸುಮ್ನೆ ಕಾಫಿ ಕುಡೀರಿ."

ಪ್ರತಿಜ್ಞೆ ನಗುವಂತಿದ್ದರೂ ಅದರ ಕಾರಣ ನಗುವಂಥದ್ದಲ್ಲ. ಹೋದ ವರ್ಷದಿಂದ ರಾಜಲಕ್ಷ್ಮಮ್ಮ ಪಕ್ಕದಲ್ಲಿಟ್ಟ ಲೋಟವನ್ನು ತಾಗಿಸಿ ಉರುಳಿಸುತ್ತಿದ್ದರು, ಹೊಸಿಲು ಎಡವುತ್ತಿದ್ದರು. ತುಮಕೂರಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಕಣ್ಣಿನ ನರ ಒಣಗ್ತಾ ಇದೆ. ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಡ್ರಾಪ್ಸ್ ತಪ್ಪಿಸಬೇಡಿ" ಅಂದಿದ್ದರು. ನೇರಕ್ಕೆ ಇರುವುದು ಕಾಣುತ್ತಿತ್ತು. ಸುತ್ತಲಿನದು ಕಾಣುತ್ತಿರಲಿಲ್ಲ. ಕೊಳವೆಗೆ ಕಣ್ಣಿಟ್ಟು ನೋಡಿದ ಹಾಗೆ. ಅವರೆಕಾಯಿಯೊಳಗಿನ ಹುಳ ಕಾಣುತ್ತಿತ್ತು, ಎದುರಿಗಿದ್ದ ಬೆಟ್ಟ ಮಾತ್ರ ತುಂಡು ತುಂಡಾಗಿ ಕಾಣುತ್ತಿತ್ತು. ಒಂದು ಸಲ ಬಂಡೆ, ಒಂದು ಸಲ ಕೋಟೆಗೋಡೆ, ಒಂದು ಸಲ ಬರೀ ಆಕಾಶ.

ಅಂಥ ರಾಜಲಕ್ಷ್ಮಮ್ಮ ಒಂದು ದಿನ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿದ್ದ ಬೆಟ್ಟದ ಪುಟ್ಟ ಚಿತ್ರ ನೋಡಿ, "ರೀ, ಇದು ಪೂರ್ತಿ ಕಾಣ್ತೈತೆ ಕಣ್ರೀ! ತುದಿಯಿಂದ ಬುಡದವರೆಗೂ!" ಎಂದು ಕೂಗಿಕೊಂಡಿದ್ದರು. ಹೌದಲ್ಲ! ಚಿಕ್ಕದಾದರೆ ಇಡೀ ಬೆಟ್ಟ ಆ ಕೊಳವೆಯೊಳಗೆ ಕೂರುತ್ತದೆ! ಸಿದ್ದಗಂಗಯ್ಯನವರ ಪ್ರತಿಜ್ಞೆ ಹುಟ್ಟಿದ್ದು ಅಲ್ಲಿ.

"ಮೊಬೈಲಲ್ಲೇ ಒಂದು ತೆಗೀರಿ, ಸಾಕು" ಅಂದರು ರಾಜಲಕ್ಷ್ಮಮ್ಮ.

"ಮೊಬೈಲಾ? ಛೆ! ನಿನಗೆ ಮೊಬೈಲ್ ಫೋಟೋನಾ?"

ಸ್ಟುಡಿಯೋ ಲಕ್ಷ್ಮೀಪತಿಯ ಹತ್ತಿರದಿಂದ ಒಂದು ಹಳೇ ಕ್ಯಾಮೆರಾ, ಅದನ್ನು ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡು ಮನೆಗೆ ಬಂದವು. ಲಕ್ಷ್ಮೀಪತಿ ಪಾಪ, ಬುದ್ಧಿ ಹೇಳಿಯೇ ಕಳಿಸಿದ್ದ. "ಅಣ್ಣ, ಆಟೋದಲ್ಲಿ ಇಟ್ಟು ಒತ್ತಿಬುಡು. ಅದೇ ಎಲ್ಲಾ ನೋಡ್ಕೊಳ್ತದೆ."

"ಆಟೋ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತದೆ, ಹತ್ತೋರು ಹತ್ಲಿ! ನಾನು ಎಲ್ಲಾ ಕೈಯಾರೆ ಸೆಟ್ ಮಾಡೋನು."

ಹದಿನೈದು ದಿನ ಯೂಟ್ಯೂಬ್ ನೋಡಿದರು. ಕಚೇರಿಯ ಅಭ್ಯಾಸ ಬಿಡಬೇಕಲ್ಲ? ಉದ್ದನೆಯ ರಿಜಿಸ್ಟರಿನಲ್ಲಿ ಗೆರೆ ಎಳೆದು ಕಲಂ ಮಾಡಿದರು: ದೃಶ್ಯ, ಬೆಳಕಿನ ಕಿಂಡಿ, ಶಟರ್ ವೇಗ, ಐಎಸ್‌ಓ, ಷರಾ.

"ಐಎಸ್‌ಓ ಅಂದ್ರೆ ಬೆಳಕು ಹೀರೋ ಲೆಕ್ಕ, ನೂರಕ್ಕೆ ಇಡಬೇಕು ಕಣೇ. ಐಎಸ್‌ಓ ಜಾಸ್ತಿಯಾದ್ರೆ ಚಿತ್ರ ಕೆಡ್ತದೆ."

"ನನಗೂ ಗೊತ್ತು ಬುಡಿ. ಮನೇಲೂ ಅಯ್ಯೋ ಜಾಸ್ತಿಯಾದ್ರೆ ಎಲ್ಲಾ ಕೆಡ್ತದೆ."

ಮೊದಲ ದಂಡಯಾತ್ರೆ, ಹೆಂಡತಿಯ ಸಮೇತ, ಮಧುಗಿರಿಗೆ! ಖಾಸಗಿ ಬಸ್ಸಿನಲ್ಲಿ ಸ್ಟ್ಯಾಂಡಿನ ಒಂದು ಕಾಲು ಕಂಡಕ್ಟರನ ಪಕ್ಕೆಗೆ ತಿವಿಯಿತು. "ಯಜಮಾನ್ರೇ, ಇದಕ್ಕೂ ಟಿಕೆಟ್ ತಗೊಳ್ಳಿ. ನಿಮಗಿಂತ ಒಂದು ಕಾಲು ಜಾಸ್ತಿನೇ ಐತೆ!" ಬಸ್ಸೆಲ್ಲ ನಕ್ಕಿತು. ಸಿದ್ದಗಂಗಯ್ಯನವರು ನಗಲಿಲ್ಲ. ಶಟರನ್ನು ಜಾಸ್ತಿ ಹೊತ್ತು ತೆರೆದಿಟ್ಟರೆ ಮೋಡ ಹಿಂಜಿದ ಹತ್ತಿಯಂತೆ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ಮನನ ಮಾಡುತ್ತಿದ್ದರು.

ಹತ್ತು ಗಂಟೆಯ ಉರಿಬಿಸಿಲಲ್ಲಿ ಶಟರನ್ನು ಎರಡು ಸೆಕೆಂಡು ತೆರೆದಿಟ್ಟರು. ಮೋಡ ಹತ್ತಿಯಾಯಿತು. ಬೆಟ್ಟವೂ ಹತ್ತಿಯಾಯಿತು. ಮಧುಗಿರಿಯ ಅಷ್ಟು ದೊಡ್ಡ ಬಂಡೆ, ಏಳು ಸಲ ಒಗೆದ ಬಿಳಿ ಪಂಚೆಯ ಹಾಗೆ, ಒಂದು ಕಲೆಯೂ ಇಲ್ಲದೆ ಹೊಳೆಯಿತು!

ರಾಜಲಕ್ಷ್ಮಮ್ಮ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಮೆಲ್ಲಗೆ ಕೇಳಿದರು. "ಇದೂ ಹೋಯ್ತೇನ್ರೀ ನನಗೆ? ನೇರಕ್ಕೆ ಇರೋದೂ ಕಾಣ್ತಿಲ್ಲ."

"ಇಲ್ಲ ಕಣೇ, ಇಲ್ಲ! ನನ್ನ ತಪ್ಪು. ಇದರಲ್ಲಿ ಏನೂ ಇಲ್ಲ" ಎಂದು ಸಿದ್ದಗಂಗಯ್ಯನವರು ಗಾಬರಿಯಿಂದ ಕ್ಯಾಮೆರಾ ಕಿತ್ತುಕೊಂಡರು. ಅಲ್ಲಿಗಾದರೂ ಮೊಬೈಲು ತೆಗೆಯಬಹುದಿತ್ತು. ತೆಗೆಯಲಿಲ್ಲ. ಷರಾ ಕಲಮಿನಲ್ಲಿ 'ಬೆಳಕು ಹೆಚ್ಚು, ಮರುಪ್ರಯತ್ನ' ಎಂದು ಬರೆದುಕೊಂಡರು.

ಎರಡನೆಯದು, ಕೈ ಪಳಗಲಿ ಎಂದು, ಸಿರಾ ಕಡೆಯ ಕಗ್ಗಲಡು. ಊರೊಳಗಿನ ಹುಣಸೆ ಮರಗಳ ಮೇಲೆ ಕೊಕ್ಕರೆಗಳು ಸಂಸಾರ ಹೂಡುವ ಊರು. ಹಾರುವ ಹಕ್ಕಿಗೆ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ ಎಂದು ರಿಜಿಸ್ಟರಿಗೆ ಇಳಿಸಿಕೊಳ್ಳುವಾಗ ಎರಡು ಸೊನ್ನೆ ಬಿಟ್ಟುಹೋಗಿ ಇಪ್ಪತ್ತರಲ್ಲಿ ಒಂದು ಭಾಗವಾಗಿತ್ತು. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದು ಸೊನ್ನೆ ತಪ್ಪದ ಗುಮಾಸ್ತರು! ಕೊಕ್ಕರೆಗಳೆಲ್ಲ ಹಲಗೆಯ ಮೇಲೆ ಅರ್ಧಂಬರ್ಧ ಒರೆಸಿದ ಸೀಮೆಸುಣ್ಣವಾದವು.

"ಅಲ್ಲಿ ನೋಡ್ರೀ, ಮರಿ ಬಾಯಿ ತೆಗೀತು!"

"ಇರೇ, ಇನ್ನೊಂದು ಸ್ವಲ್ಪ ತಿರುಗಿಸ್ಬೇಕು."

"ಅಮ್ಮ ಬಂತು, ಮೀನು ಹಾಕ್ತು ನೋಡ್ರೀ!"

"ಇರು ಅಂದ್ನಲ್ಲ!"

ಸಿದ್ದಗಂಗಯ್ಯನವರು ತಲೆ ಎತ್ತುವ ಹೊತ್ತಿಗೆ ಮರಿ ಉಂಡು ಮಲಗಿತ್ತು.

ಮೂರನೆಯದು ಪಾವಗಡ. ರಾಜಲಕ್ಷ್ಮಮ್ಮನ ತವರು. ಆ ಕೋಟೆಬೆಟ್ಟದ ಕೆಳಗಿನ ಸ್ಕೂಲಿನಲ್ಲೇ ಆಕೆ ಏಳನೇ ಕ್ಲಾಸಿನ ತನಕ ಓದಿದ್ದು. "ಬೇರೆ ಯಾವುದೂ ಬ್ಯಾಡ. ಇದೊಂದು ಬಂದ್ರೆ ಸಾಕು ಕಣ್ರೀ" ಅಂದಿದ್ದರು. ತಿರುಮಣಿಯ ರಸ್ತೆಯಲ್ಲಿ, ಇಡೀ ಬೆಟ್ಟ ಕಾಣುವ ಜಾಗದಲ್ಲಿ, ಸಂಜೆಯ ಹದವಾದ ಬೆಳಕಿನಲ್ಲಿ ಸಿದ್ದಗಂಗಯ್ಯನವರು ಸ್ಟ್ಯಾಂಡು ಊರಿದರು. ಒಂದು ಕಣ್ಣು ಮುಚ್ಚಿದರು. ಕಿಂಡಿ ತಿರುಗಿಸಿದರು.

ಅಷ್ಟರಲ್ಲಿ ಗೂಡ್ಸ್ ಆಟೋದಲ್ಲಿ ಹೋಗುತ್ತಿದ್ದ ಕದಿರಯ್ಯ ಎಂಬ ರೈತ ಮೂರು ಕಾಲಿನ ಸ್ಟ್ಯಾಂಡು ನೋಡಿ ಗಾಡಿ ನಿಲ್ಲಿಸಿ ಇಳಿದು ಬಂದ. "ಸಾರ್, ಸೋಲಾರ್ ಸರ್ವೇನಾ ಸಾರ್? ಅಲ್ಲಿ ತಿರುಮಣೀಲಿ ಸೋಲಾರ್ ಪಾರ್ಕಿಗೆ ಎಲ್ಲಾರ ಜಮೀನೂ ಲೀಸಿಗೆ ತಗೊಂಡ್ರಿ, ಮಾ ಪೊಲಂ, ನಮ್ಮ ಹೊಲ ಕೂಡಾ ಹಾಕ್ಕಳ್ಳಿ ಸಾರ್!"

ನಿವೃತ್ತಿಯಾದ ಮೇಲೆ ಸಿದ್ದಗಂಗಯ್ಯನವರನ್ನು ಯಾರೂ 'ಸಾರ್' ಎಂದಿರಲಿಲ್ಲ. ಕದಿರಯ್ಯ ಒಂದೇ ಉಸಿರಿಗೆ ಮೂರು ಸಲ ಅಂದುಬಿಟ್ಟಿದ್ದ! ಅಲ್ಲಪ್ಪ, ಫೋಟೋ ತೆಗೀತಿದೀನಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವರ ಬಾಯಿ ಹಳೇ ಅಭ್ಯಾಸದಂತೆ, "ನೋಡೋಣ, ನೋಡೋಣ. ಪಹಣಿ ತಂದಿದೀಯಾ?" ಅಂದಿತು.

ಐದು ನಿಮಿಷದಲ್ಲಿ ಏಳು ಜನ ಸೇರಿದರು. ಒಬ್ಬ ಬದು ಒತ್ತುವರಿಯಾಗಿದೆ ಅಂದ, ಇನ್ನೊಬ್ಬ "ಅದಿ ನಾದಿ, ಅದು ನಂದು" ಎಂದು ಎದೆ ತಟ್ಟಿಕೊಂಡ. ತಳ್ಳಾಟ ಶುರುವಾಯಿತು.

"ರೀ, ನಿಜ ಹೇಳಿಬುಡ್ರಿ, ಪಾಪ ಅವರಿಗೆ" ಎನ್ನುತ್ತ ರಾಜಲಕ್ಷ್ಮಮ್ಮ ಗಂಡನ ಕಡೆ ಎರಡು ಹೆಜ್ಜೆ ಇಟ್ಟರು. ಸ್ಟ್ಯಾಂಡಿನ ಕಾಲು ಅವರಿಗೆ ಕಾಣದ ಕಡೆಯಲ್ಲಿತ್ತು. ಎಡವಿದರು. ಸ್ಟ್ಯಾಂಡು ವಾಲಿತು, ಆಕೆಯೂ ವಾಲಿದರು.

"ಕ್ಯಾಮೆರಾ!" ಎಂದು ಕೂಗಿ ಸಿದ್ದಗಂಗಯ್ಯನವರು ಎರಡೂ ಕೈಯಲ್ಲಿ ಹಿಡಿದರು.

ಕ್ಯಾಮೆರಾವನ್ನು.

ಅದಕ್ಕೆ ಒಂದು ಗೀರೂ ಆಗಲಿಲ್ಲ. ರಾಜಲಕ್ಷ್ಮಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ಎತ್ತಿ ಕೂರಿಸಿದವನು ಕದಿರಯ್ಯ. ಗೂಡ್ಸ್ ಆಟೋದಲ್ಲಿ ಗೋಣಿಚೀಲ ಹಾಸಿ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ದಾರಿಯಲ್ಲಿ ಸಿದ್ದಗಂಗಯ್ಯನವರು ತಾನು ಯಾವ ಸಾರೂ ಅಲ್ಲ ಎಂದು ಒಪ್ಪಿಕೊಂಡರು. ಕದಿರಯ್ಯ ಬೈಯಲಿಲ್ಲ. "ಸರ್ಲೆ, ಹೋಗ್ಲಿ ಬುಡಿ, ಅಮ್ಮೋರ ಕೈ ನೋಡ್ಕಳ್ಳಿ ಮೊದ್ಲು" ಅಂದ. ಅದು ಬೈಗುಳಕ್ಕಿಂತ ಜೋರಾಗಿ ಬಡಿಯಿತು.

ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ರಾಜಲಕ್ಷ್ಮಮ್ಮ ಕೇಳಿದರು. "ಸದ್ಯ, ಕ್ಯಾಮೆರಾ ಬೀಳ್ಲಿಲ್ಲವಲ್ಲ. ಬೆಟ್ಟ ಬಂತೇನ್ರೀ ಅದರಲ್ಲಿ?"

ಆಕೆ ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿ ಆಸೆಯಿಂದ ಕೇಳಿದ್ದರು. ಸಿದ್ದಗಂಗಯ್ಯನವರು ತಲೆ ತಗ್ಗಿಸಿದರು. "ಒತ್ತಿರ್ಲೇ ಇಲ್ಲ ಕಣೇ. ಇನ್ನೂ ಸೆಟ್ ಮಾಡ್ತಿದ್ದೆ."

ಆಮೇಲಿನ ಆರು ವಾರ ಸಿದ್ದಗಂಗಯ್ಯನವರು ಮುದ್ದೆ ತಿರುವಿದರು, ಗಂಟು ಗಂಟಾಯಿತು. ಹೆಂಡತಿಗೆ ತಲೆ ಬಾಚಿದರು, ಬೈತಲೆ ಕೊರಟಗೆರೆಯಿಂದ ಸಿರಾಕ್ಕೆ ಹೋಗುವ ದಾರಿಯಂತೆ ಸುತ್ತಿಕೊಂಡಿತು. ಕ್ಯಾಮೆರಾ, ಸ್ಟ್ಯಾಂಡು ಎರಡನ್ನೂ ಲಕ್ಷ್ಮೀಪತಿಗೆ ವಾಪಸ್ ಕೊಟ್ಟರು. ಆರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಒಬ್ಬರೇ ಪಾವಗಡಕ್ಕೆ ಹೋಗಿ ಮೊಬೈಲು ಎತ್ತಿ ಒಂದು ಸಲ ಒತ್ತಿ ಬಂದರು. ಬೆಟ್ಟ ಬುಡದಿಂದ ತುದಿಯವರೆಗೆ ಚೆನ್ನಾಗಿಯೇ ಬಂದಿತ್ತು.

ಆದರೆ ಪಟ್ಟಿ ಬಿಚ್ಚಿಸಿದ ವಾರವೇ ಕಣ್ಣಿನ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ನರ ಇನ್ನಷ್ಟು ಒಣಗಿದೆ ಎಂದು ಡ್ರಾಪ್ಸ್ ಬದಲಾಯಿಸಿದ್ದರು. ರಾಜಲಕ್ಷ್ಮಮ್ಮ ಮೊಬೈಲನ್ನು ತೋಳುದ್ದ ದೂರ ಹಿಡಿದರು. "ಮಧ್ಯದ್ದು ಕಾಣ್ತೈತೆ. ಗೋಡೆ ಇಲ್ಲಿಗೇ ನಿಂತ್ಹೋಗ್ತೈತೆ" ಎಂದು ಬೆರಳಿಟ್ಟು ತೋರಿಸಿದರು. ಫೋಟೋದಲ್ಲಿ ಗೋಡೆ ಅಲ್ಲಿಗೆ ನಿಂತಿರಲಿಲ್ಲ.

ಸಿದ್ದಗಂಗಯ್ಯನವರು ಮೊಬೈಲನ್ನು ವಾಪಸ್ ತೆಗೆದುಕೊಂಡರು. "ಮೊದ್ಲೇ ನೀನು ಹೇಳ್ದಂಗೆ ಮೊಬೈಲಲ್ಲಿ ತೆಗೆದಿದ್ರೆ..."

"ಬುಡಿ. ನಾಳೆ ಪಾವಗಡಕ್ಕೆ ಕರ್ಕೊಂಡು ಹೋಗ್ರಿ. ಎರಡೂ ಕೈ ಖಾಲಿ ಇರಬೇಕು, ನನ್ನ ಹಿಡ್ಕೊಳ್ಳೋಕೆ."

ಹೋದರು. ಅದೇ ರಸ್ತೆ, ಅದೇ ಹೊತ್ತು. ರಾಜಲಕ್ಷ್ಮಮ್ಮ ಗಂಡನ ತೋಳು ಹಿಡಿದು, ಮುಖ ಬೆಟ್ಟದ ಕಡೆ ಮಾಡಿ ನಿಂತರು.

"ಏನೈತೆ ಹೇಳ್ರಿ."

"ಬೆಟ್ಟ ಐತೆ."

"ಹೆಂಗೈತೆ?"

ಸಿದ್ದಗಂಗಯ್ಯನವರು ತಡಕಾಡಿದರು. "ದೊಡ್ಡದಾಗೈತೆ."

"ಮೂವತ್ತೆರಡು ವರ್ಷ ಫೈಲಿನ ಮೇಲೆ 'ಪರಿಶೀಲಿಸಲಾಗಿದೆ' ಅಂತ ಬರೆದು ಸಹಿ ಹಾಕ್ತಿದ್ರಲ್ಲ, ಏನು ನೋಡಿ ಬರೀತಿದ್ರಿ?"

ಸಿದ್ದಗಂಗಯ್ಯನವರು ಈ ಸಲ ನಿಧಾನವಾಗಿ ನೋಡಿದರು. ಗೋಡೆ ಎಡಗಡೆ ಮುರಿದಿದೆ ಎಂದರು, ಮುರಿದ ಕಡೆ ಒಂದು ಗಿಡ ಎದ್ದಿದೆ ಎಂದರು. ಬಂಡೆಯ ಮೇಲೆ ನೀರು ಇಳಿದ ಕಪ್ಪು ಗೆರೆ ಇದೆ, ಬಿಸಿಲು ತುದಿಯಲ್ಲಿ ಮಾತ್ರ ಉಳಿದಿದೆ ಎಂದರು. ಹೇಳುತ್ತ ಹೇಳುತ್ತ ಹುರುಪು ಬಂತು. ರಾಜಲಕ್ಷ್ಮಮ್ಮ ತಲೆಯಾಡಿಸುತ್ತಿದ್ದರು.

"ಬುಡದಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ಮೂರು ಮೇಕೆ ಮೇಯ್ತಾ ಅವೆ!" ಎಂದರು ಸಿದ್ದಗಂಗಯ್ಯನವರು ಜಂಬದಿಂದ.

ರಾಜಲಕ್ಷ್ಮಮ್ಮ ಕತ್ತನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಉಳಿದ ಅಷ್ಟೇ ಕಣ್ಣಿನಲ್ಲಿ ಮರದ ಬುಡವನ್ನು ಹುಡುಕಿ ಹಿಡಿದರು.

"ನಾಕು. ಒಂದು ಮಲಗೈತೆ."

ಸಿದ್ದಗಂಗಯ್ಯನವರು ಮತ್ತೆ ಎಣಿಸಿದರು. ನಾಲ್ಕಿದ್ದವು.