ಅಗತ್ಯ ನೌಕರ

ಟಿಕೋಟಾದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಯಲಗೂರಪ್ಪನಿಗೆ ಒಂದು ಕೆಟ್ಟ ಚಟವಿತ್ತು. ಯಾರು ಏನೇ ಕೇಳಲಿ, ಪೂರ್ತಿ ಉತ್ತರ ಹೇಳದೆ ಬಿಡುತ್ತಿರಲಿಲ್ಲ.

ಅಂದು ರವಿವಾರ. ವಿಜಯಪುರದ ಅವನ ಮನೆಗೆ ಸಂಜೆ ಊಟಕ್ಕೆ ಪ್ರಿನ್ಸಿಪಾಲ ಗುರಲಿಂಗಪ್ಪನವರು ಬರುವವರಿದ್ದರು. ಅವರನ್ನು ಉಣಿಸಿ ತಣಿಸಿ ವಿಭಾಗದ ಮುಖ್ಯಸ್ಥನಾಗಬೇಕೆಂಬುದು ಇವನ ಆಸೆ. ಆದರೆ ಬೆಳಿಗ್ಗೆಯೇ ಟೆಂಪೊದಿಂದ ಒಂದು ಮಸಾಜ್ ಕುರ್ಚಿ ಇಳಿಯಿತು, ಗಬ್ಬದ ಎಮ್ಮೆಯ ಗಾತ್ರದ್ದು.

“ಯಾರನ್ನ ಕೇಳಿ ತರಿಸೀರಿ? ನನ್ನ ಮಿಕ್ಸರ್ ದೀಪಾವಳಿಯಿಂದ ಕೆಟ್ಟು ಕುಂತೈತಿ!” ಹೆಂಡತಿ ಶೈಲಾ ಸೊಂಟಕ್ಕೆ ಕೈಯಿಟ್ಟಳು.

“ಕಂತಿನ ಮ್ಯಾಲೆ ತರಿಸೇನಿ. ಇದಕ್ಕ ಕೊರತಿ ಬಜೆಟ್ ಅಂತಾರ. ಅಮೆರಿಕಾ ಸರ್ಕಾರನೂ ಸಾಲದ ಮ್ಯಾಲೇ ನಡದೈತಿ.”

“ಅಲ್ಲಿ ಅಧ್ಯಕ್ಷ ಮನಸಿಗೆ ಬಂದಂಗ ಖರ್ಚು ಮಾಡ್ತಾನೇನು?”

ಚಟ ಕೆರಳಿತು. “ಛೇ! ಅಲ್ಲಿಯ ಸಂಸತ್ತು ಒಪ್ಪಬೇಕು. ಒಪ್ಪದಿದ್ರ ಕಚೇರಿ ಬಂದ್, ನೌಕರರು ಮನಿಗೆ.”

ಪಕ್ಕದ ಮನೆಯ ಹಾಜಿರಾಬಿ ಗೋಡೆಯ ಮೇಲಿಂದ ಇಣುಕಿದಳು. ಯಲಗೂರಪ್ಪನ ತಾಯಿ ಸಾವಂತ್ರವ್ವ ಎಲೆಅಡಿಕೆ ಚೀಲದೊಂದಿಗೆ ಕಟ್ಟೆಗೆ ಬಂದು ಕೂತಳು. ಸಂಸತ್ತು ನೆರೆಯಿತು. ಕುರ್ಚಿಗೆ ಒಪ್ಪಿಗೆ ಸಿಗಲಿಲ್ಲ; ಅಡಿಗೆಮನೆ ಬಂದ್ ಆಯಿತು.

“ಯವ್ವಾ, ನೀನೂ ಅವರ ಕಡೀನಾ?”

“ಚಟ್ನಿ ಕುಟ್ಟಿ ಕುಟ್ಟಿ ಕೈ ಸೋತಾವ ಲೇ.”

“ಮಿಕ್ಸರ್ ತರ್ತೇನಿ ಮಾರಾಯ್ತಿ!”

“ಅದು ಮನಿಗೆ ಬರಲಿ, ಆಮ್ಯಾಲೆ ಅಡಗಿಮನಿ ಬಾಗಲಾ ತಗೀತೈತಿ,” ಎಂದಳು ಶೈಲಾ. ಆದರೆ ಮಿಕ್ಸರಿರಲಿ, ಖಾನಾವಳಿಯಿಂದ ಊಟ ತರಿಸಲೂ ರೊಕ್ಕವಿಲ್ಲ. ಮೊದಲ ಕಂತು ಕಿಸೆಯನ್ನು ತೊಳೆದಿಟ್ಟಿತ್ತು.

ಅಷ್ಟರಲ್ಲಿ ಹಾಜಿರಾಬಿ ಕೇಳಿದಳು: “ಮಾಸ್ತರ್ರ, ಅಮೆರಿಕಾದಾಗ ಮಿಲಿಟರಿಯವರೂ ಮನಿಗೆ ಹೋಗಿ ಕೂಡ್ತಾರೇನ್ರಿ?”

ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದ. “ಇಲ್ಲ ಬೇ, ಅವರು ಅಗತ್ಯ ನೌಕರರು. ಪಗಾರ ಇಲ್ಲದಿದ್ರೂ ದುಡೀಬೇಕು. ಪಗಾರ ಆಮ್ಯಾಲೆ.”

ಮೂವರೂ ಅವನನ್ನೇ ನೋಡಿದರು. ಈ ಮನೆಯ ಅಗತ್ಯ ನೌಕರ ಸಿಕ್ಕಿದ್ದ.

ಎಣಗಾಯಿ ಮಸಾಲೆಗೆ ಶೇಂಗಾ ಕುಟ್ಟುವಾಗ ಮಿಕ್ಸರಿನ ಬೆಲೆ ಯಲಗೂರಪ್ಪನ ಭುಜಕ್ಕೆ ತಿಳಿಯಿತು. ತಟ್ಟಿದ ಮೊದಲ ರೊಟ್ಟಿ ಕನಮಡಿಯಾಚೆಯ ಮಹಾರಾಷ್ಟ್ರದ ಗಡಿಯಂತೆ ಅಂಕುಡೊಂಕಾಯಿತು. ಶೈಲಾ ಮಸಾಜ್ ಕುರ್ಚಿಯಲ್ಲಿ ಅಲುಗುತ್ತ ಹೇಳಿಕೊಟ್ಟಳು: “ಹಿಟ್ಟು ಇನ್ನಷ್ಟು ನಾ-ನಾ-ನಾದ್ರೀ.”

ಸಂಜೆ ಗುರಲಿಂಗಪ್ಪನವರು ಬಂದು, ಪ್ರಾಧ್ಯಾಪಕನ ಮೀಸೆಗೆ ಹತ್ತಿದ ಜೋಳದ ಹಿಟ್ಟನ್ನು ನೋಡಿ ನಕ್ಕು, ಉಂಡೇ ಉಂಡರು. ತೇಗಿ, ಹೊಸ ಕುರ್ಚಿಗೆ ಒರಗಿದರು.

“ಯಲಗೂರಪ್ಪನವರ, ನಾಳಿಂದ ನೀವ ಮುಖ್ಯಸ್ಥರು!”

ಇವನ ಎದೆ ರೊಟ್ಟಿಯಂತೆ ಉಬ್ಬಿತು. “ವಿಭಾಗಕ್ಕೇನ್ರಿ ಸರ?”

“ಅಲ್ಲರೀ, ಕಾಲೇಜ ಸಮ್ಮೇಳನದ ಅಡಗಿಗೆ! ಈ ವರ್ಷ ಅಡಗಿಯವರನ್ನ ಕರಸಾಕ ಬಜೆಟ್ ಇಲ್ಲ.”

ಉಬ್ಬಿದ್ದು ಇಳಿಯಿತು. “ಅದಕ್ಕ ಭತ್ಯೆ ಏನರ...?”

ಸಾಹೇಬರು ಕುರ್ಚಿಯ ಗುಂಡಿ ಒತ್ತಿದರು. ಕಣ್ಣು ಮುಚ್ಚಿ, ಗಡಗಡ ಅಲುಗುತ್ತ ನುಡಿದರು:

“ಆ-ಆ-ಆಮ್ಯಾಲೆ!”