ದತ್ತುವಿನ ದೋಣಿಗೆ ಯಾವ ಎಣ್ಣೆ

ಇಡೀ ಪುಣೆಯಲ್ಲಿ ಎಣ್ಣೆಯ ಮರ್ಮ ತಿಳಿದವರು ಯಾರಾದರೂ ಇದ್ದರೆ ಅದು ತಾನೊಬ್ಬನೇ ಎಂದು ದೇವಾನಂದ ಸಾರಿದ್ದು ಒಂದು ಭಾನುವಾರ ಬೆಳಿಗ್ಗೆ, ಎರಡನೇ ಕಪ್ ಚಹಾ ಮುಗಿಯುವ ಹೊತ್ತಿಗೆ. ನಿಗಡಿಯ ಆ ಎರಡು ಕೋಣೆಯ ಮನೆಯಲ್ಲಿ ಅದನ್ನು ಕೇಳಲು ಇದ್ದವರು ಇಬ್ಬರೇ: ಹೆಂಡತಿ ಶಿವಕಾಂತಾ, ಮತ್ತು ಲೋಣಾವಳಾದಿಂದ ಮುಂಜಾನೆಯ ಲೋಕಲ್ ಹಿಡಿದು ಬಂದಿದ್ದ ಅವಳ ತಮ್ಮ ದತ್ತು.

ದತ್ತು ಕೇಳಿದ್ದು ಸಣ್ಣ ಪ್ರಶ್ನೆ. "ಭಾವಾ, ದೋಣಿ ಮೋಟಾರಿಗೆ ಅಂಗಡ್ಯಾವ ಎರಡು ನಮೂನಿ ಎಣ್ಣಿ ಕೊಟ್ಟಾನ. ಒಂದು ಸಾದಾ, ಒಂದು ಸಿಂಥೆಟಿಕ್. ಯಾವ್ದು ಹಾಕ್ಲಿ?"

ಪ್ರಶ್ನೆ ಸಣ್ಣದಾದರೂ ದತ್ತುವಿನ ಹೊಟ್ಟೆಪಾಡು ಅದರ ಮೇಲೆ ನಿಂತಿತ್ತು. ಆಳಂದದ ಕಡೆಯಿಂದ ಬಂದು ಪುಣೆಯ ಅರ್ಧ ಡಜನ್ ಕಟ್ಟಡಗಳಿಗೆ ಇಟ್ಟಿಗೆ ಹೊತ್ತ ಮೇಲೆ ಅವನು ಲೋಣಾವಳಾದ ಆಚೆಗಿನ ಒಂದು ಸಣ್ಣ ಆಣೆಕಟ್ಟಿನ ನೀರಿನಲ್ಲಿ ಹುಟ್ಟು ಹಾಕುತ್ತ ಪ್ರವಾಸಿಗರನ್ನು ಸುತ್ತಾಡಿಸುವ ಕೆಲಸ ಹಿಡಿದಿದ್ದ. ಈಗ ಹಳೆಯದೊಂದು ಟೂ-ಸ್ಟ್ರೋಕ್ ಮೋಟಾರು ತಂದು ದೋಣಿಯ ಹಿಂಬದಿಗೆ ಬಿಗಿದಿದ್ದ. ಆದರೆ ಅದು ಸುತ್ತಲಿನ ಊರುಗಳವರು ಕುಡಿಯುವ ನೀರು. ಆಣೆಕಟ್ಟಿನ ಸಾಹೇಬರು ಹೇಳಿ ಹೋಗಿದ್ದರು: 'ಎರಡು ವಾರ ಬಿಟ್ಟು ಭಾನುವಾರ ನಾನೇ ಬಂದು ಕೂತು ನೋಡುತ್ತೇನೆ. ಹೊಗೆ ಬರಬಾರದು, ನೀರಿನ ಮೇಲೆ ಎಣ್ಣೆ ತೇಲಬಾರದು. ಸರಿ ಕಂಡರೆ ಪರವಾನಗಿ, ಇಲ್ಲವಾದರೆ ಇಲ್ಲ.' ಟೂ-ಸ್ಟ್ರೋಕ್ ಇಂಜಿನ್ನಿನ ಗುಣವೇ ಅಂಥದ್ದು. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ಪೆಟ್ರೋಲಿನ ಜೊತೆ ಅದೂ ಉರಿಯಬೇಕು. ಉರಿಯದೆ ಉಳಿದದ್ದು ಹೊಗೆಯಾಗಿ ಏರುತ್ತದೆ, ಇಲ್ಲವೆ ನೀರಿಗೆ ಇಳಿಯುತ್ತದೆ.

"ಸಾಹೇಬರು ಬ್ಯಾಡ ಅಂದ್ರ ನಾ ಮತ್ತ ಇಟ್ಟಂಗಿ ಹೊರ್ಲಿಕ್ಕ ಹೋಗ್ಬೇಕು ನೋಡ್ರಿ," ಎಂದ ದತ್ತು.

"ಆ ಪ್ರಸಂಗ ಬರಂಗಿಲ್ಲ," ಎಂದು ದೇವಾನಂದ ಕಪ್ಪು ಕೆಳಗಿಟ್ಟ. "ಅಂಗಡ್ಯಾವಗ ಎಣ್ಣಿ ಮಾರ್ಲಿಕ್ಕ ಬರ್ತದ, ಪರೀಕ್ಷಾ ಮಾಡ್ಲಿಕ್ಕ ಬರಂಗಿಲ್ಲ. ಎರಡೂ ಡಬ್ಬಿ ಇಲ್ಲೇ ಬಿಟ್ಟು ಹೋಗು. ಹದಿಮೂರು ದಿನದಾಗ ವಿಜ್ಞಾನ ಏನಂತದ ಹೇಳ್ತೀನಿ."

"ವಿಜ್ಞಾನ ಎಲ್ಲಿ ಕುಂತು ಹೇಳ್ತದ್ರೀ?" ಎಂದು ಶಿವಕಾಂತಾ ಕೇಳಿದಳು.

"ಅಡಗಿ ಮನ್ಯಾಗ."

ಅವಳು ತಮ್ಮನ ಕಡೆ ತಿರುಗಿದಳು. "ಒಂದು ಡಬ್ಬಿ ಎತ್ಕೊಂಡು ಓಡಿಹೋಗು ದತ್ತು. ಇನ್ನೂ ಟೈಮ್ ಅದ."

ದತ್ತು ಓಡಲಿಲ್ಲ. ಅವರ ಬಳಗದಲ್ಲಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು ದೇವಾನಂದ ಒಬ್ಬನೇ. ಬಣ್ಣದ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಹದಿನೇಳು ವರ್ಷದಿಂದ ಮಾದರಿ ತೆಗೆದು, ಅಳೆದು, ಪಾಸು ಅಥವಾ ನಾಪಾಸು ಎಂದು ಮುದ್ರೆ ಒತ್ತುತ್ತ ಬಂದವನು. ಮುದ್ರೆ ಕಾರ್ಖಾನೆಯಲ್ಲೇ ಉಳಿದರೂ ಒತ್ತುವ ಚಟ ಮನೆಗೂ ಬಂದಿತ್ತು. ಭಾವನ ಬಾಯಿಂದ ಬಿದ್ದದ್ದು ದತ್ತುವಿಗೆ ಸರಕಾರಿ ಗೆಜೆಟ್ಟಿನಷ್ಟೇ ಪ್ರಮಾಣ.

ದತ್ತು ಲೋಕಲ್ ಹತ್ತಿದ ಕೂಡಲೇ ದೇವಾನಂದ ನೂರು ಪುಟದ ಹೊಸ ನೋಟುಬುಕ್ಕು ತೆರೆದ. ಮೊದಲ ಪುಟದಲ್ಲಿ ತತ್ವ ಬರೆದ: ಹೆಸರು ನೋಡಿದರೆ ಮನಸ್ಸು ವಾಲುತ್ತದೆ, ಮನಸ್ಸು ವಾಲಿದರೆ ವಿಜ್ಞಾನ ಬೀಳುತ್ತದೆ. ಆದ್ದರಿಂದ ಯಾವ ಎಣ್ಣೆ ಯಾವುದೆಂದು ಪರೀಕ್ಷೆ ಮಾಡುವವನಿಗೇ ತಿಳಿಯಬಾರದು. ಈ ಮಹತ್ಕಾರ್ಯಕ್ಕೆ ಅವನು ಹೆಂಡತಿಯನ್ನು ನೇಮಿಸಿದ.

"ಎರಡೂ ಎಣ್ಣಿ ಒಂದೇ ನಮೂನಿ ಬಾಟ್ಲಿಗೆ ಸುರುವು. ಒಂದಕ್ಕ 'ಅ' ಅಂತ ಚೀಟಿ ಹಚ್ಚು, ಇನ್ನೊಂದಕ್ಕ 'ಬ'. ಯಾವ್ದು ಯಾವ್ದರಾಗ ಅದ ಅಂತ ನಂಗ ಹೇಳಬ್ಯಾಡ. ಜೀವ ಹೋದ್ರೂ ಶನಿವಾರ ಸಂಜಿತನಕ ಹೇಳಬ್ಯಾಡ."

"ಜೀವ ಹೋದ ಮ್ಯಾಲ ಹ್ಯಾಂಗ ಹೇಳ್ಲಿ? ಕುಕ್ಕರ್ ಇಟ್ಟೀನಿ, ಲಗೂ ಹೊರಗ ನಡೀರಿ."

ಅವನು ಹೊರಗಿನ ಗ್ಯಾಲರಿಯಲ್ಲಿ ಬೆನ್ನು ತಿರುಗಿಸಿ ನಿಂತ. ಐದು ನಿಮಿಷದಲ್ಲಿ ಎರಡು ಬಾಟಲಿಗಳು ಸಿದ್ಧವಾದವು. ಎತ್ತಿ ಬೆಳಕಿಗೆ ಹಿಡಿದು ನೋಡಿದ. ಬಣ್ಣದಲ್ಲಿ ಕೂದಲೆಳೆಯಷ್ಟೂ ಅಂತರವಿರಲಿಲ್ಲ. 'ಗಿರಾಕಿಯನ್ನು ಮೋಸಗೊಳಿಸಲು ತಯಾರಕರು ಹೂಡಿದ ಕಪಟ' ಎಂದು ನೋಟುಬುಕ್ಕಿನಲ್ಲಿ ದಾಖಲಿಸಿದ.

ಮುಂದಿನ ಹದಿಮೂರು ದಿನ ಆ ಮನೆಯಲ್ಲಿ ಅಡುಗೆ ವಿಜ್ಞಾನದ ಅನುಮತಿ ಪಡೆದು ನಡೆಯಿತು. ಫ್ರಿಜ್ಜಿನ ಮೇಲಿನ ಖಾನೆಯಿಂದ ಐಸು ಹೊರಬಿದ್ದು 'ಅ', 'ಬ' ಒಳಹೋದವು. ಕಾರ್ಖಾನೆಯಿಂದ ತಂದ ಉಕ್ಕಿನ ಗುಂಡು ಉದ್ದನೆಯ ಗಾಜಿನ ಲೋಟದಲ್ಲಿ ಎಣ್ಣೆಯ ತಳ ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವನು ಗಡಿಯಾರ ಹಿಡಿದು ನಲವತ್ತು ಸಲ ನೋಡಿದ. ನಾಲ್ಕನೆಯ ಪ್ರಯೋಗ ರೊಟ್ಟಿಯ ಹಂಚಿನ ಮೇಲೆ ನಡೆಯಿತು. ಕಾದ ಹಂಚಿಗೆ ಹತ್ತು ಹತ್ತು ಹನಿ ಬಿಟ್ಟು ಹೊಗೆಯ ಬಣ್ಣ, ಎತ್ತರ, ಆಯುಷ್ಯ ಅಳೆಯುವುದು. ಆಯುಷ್ಯ ಅಳೆದು ಮುಗಿಯುವ ಮೊದಲೇ ಮೇಲಿನ ಮನೆಯ ರಂಗೂಬಾಯಿ ಒಂದು ಬಕೆಟ್ ನೀರು ಹಿಡಿದು ಒಳಗೆ ನುಗ್ಗಿದರು.

"ಕುಠೇ ಲಾಗಲೀ ಆಗ?" ಎನ್ನುತ್ತ ಬೆಂಕಿ ಎಲ್ಲಿ ಹತ್ತಿದೆಯೆಂದು ಹುಡುಕಿದರು.

"ಬೆಂಕಿ ಏನಿಲ್ಲ ಬಾಯಿ," ಎಂದು ಶಿವಕಾಂತಾ ಮರಾಠಿಯಲ್ಲಿ ಸಮಾಧಾನ ಹೇಳಿದಳು. "ಇವರಿಗೆ ಬುದ್ಧಿ ಜಾಸ್ತಿಯಾಗಿದೆ, ಅದು ಕುದಿಯುತ್ತಿದೆ."

ಬುದ್ಧಿ ಕುದಿದಷ್ಟೂ ಫಲಿತಾಂಶ ಸ್ಪಷ್ಟವಾಗುತ್ತ ಹೋಯಿತು. 'ಬ' ತೆಳ್ಳಗೆ ಹರಡುತ್ತಿತ್ತು, 'ಅ' ಜಡವಾಗಿ ಕೂರುತ್ತಿತ್ತು. 'ಬ'ದ ವಾಸನೆಯಲ್ಲಿ ಗಾಂಭೀರ್ಯವಿತ್ತು. ಎಂಟನೆಯ ಪ್ರಯೋಗದ ಹೊತ್ತಿಗೆ ದೇವಾನಂದ 'ಅ' ಬಾಟಲಿಯನ್ನು ಎತ್ತುವಾಗಲೇ ಮುಖ ಸಿಂಡರಿಸತೊಡಗಿದ್ದ. ನೋಟುಬುಕ್ಕಿನ ಮೂವತ್ತೆಂಟನೇ ಪುಟದಲ್ಲಿ ಹೀಗೊಂದು ವಾಕ್ಯವಿತ್ತು: 'ಬ'ದ ಹೊಗೆಯಲ್ಲಿ ಒಂದು ಸಂಸ್ಕಾರವಿದೆ.

ಶನಿವಾರ ಸಂಜೆ ಅಂತಿಮ ತೀರ್ಪು ಬಂತು. ಒಂಬತ್ತು ಪ್ರಯೋಗಗಳಲ್ಲಿ ಏಳು 'ಬ'ಕ್ಕೆ, ಎರಡು 'ಅ'ಕ್ಕೆ. ದೇವಾನಂದ ಸ್ನಾನ ಮಾಡಿ ಇಸ್ತ್ರಿಯ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತ.

"ಈಗ ಹೇಳು. 'ಬ' ಯಾವ್ದು? ಸಿಂಥೆಟಿಕ್ ಹೌದಲ್ಲೋ?"

ಶಿವಕಾಂತಾ ಮೆಂತ್ಯಪಲ್ಯ ಸೋಸುತ್ತಿದ್ದಳು. "ಅಲ್ಲ."

"ಹಂಗಂದ್ರ ಸಾದಾ," ಎಂದ ಅವನು, ಆಘಾತವನ್ನು ವಿಜ್ಞಾನಿಗೆ ತಕ್ಕ ಶಾಂತಿಯಿಂದ ನುಂಗುತ್ತ. "ಬಡವರ ಎಣ್ಣಿನೇ ಗೆದ್ದದ. 'ಅ' ಸಿಂಥೆಟಿಕ್."

"ಅದೂ ಅಲ್ಲ."

"ಅಂದ್ರ?"

"ಸಿಂಥೆಟಿಕ್ ಡಬ್ಬಿ ಮುಚ್ಚಳ ತಿರುಗಲೇ ಇಲ್ರೀ. ಸೀಲ್ ಅದ. ಆ ಕಡೆ ಕುಕ್ಕರ್ ಸೀಟಿ ಹೊಡೀಲಿಕ್ಕತ್ತಿತ್ತು, ಈ ಕಡೆ ನೀವು 'ಆತೇನು, ಆತೇನು' ಅಂತ ಗ್ಯಾಲರ್‍ಯಾಗ ಒದರ್ತಿದ್ರಿ. ಎರಡಕ್ಕೂ ಸಾದಾದ್ದೇ ಸುರುವಿದೆ. ಎಣ್ಣಿ ಅಂದ್ರ ಎಣ್ಣಿ."

ದೇವಾನಂದ ಎದ್ದು ಸಿಂಥೆಟಿಕ್ ಡಬ್ಬಿ ಎತ್ತಿ ನೋಡಿದ. ಸೀಲು ಹಾಗೇ ಇತ್ತು.

"ಹದಿಮೂರು ದಿನ ಯಾಕ ಹೇಳ್ಲಿಲ್ಲ?"

"ಜೀವ ಹೋದ್ರೂ ಹೇಳಬ್ಯಾಡ ಅಂದಿದ್ರಿ. ಮತ್ತ ನೀವು ದಿನಾ ಒಂದಕ್ಕ ಬೈದು ಒಂದನ್ನ ಹೊಗಳ್ಕೊಂತ ಭಾಳ ಖುಷಿಲಿಂದ ಇದ್ರಿ. ನಾ ಯಾಕ ಕೆಡಿಸ್ಲಿ?"

ಒಂದೇ ಡಬ್ಬಿಯ ಎಣ್ಣೆಯನ್ನು ಅದೇ ಡಬ್ಬಿಯ ಎಣ್ಣೆಯ ವಿರುದ್ಧ ಏಳು-ಎರಡರಿಂದ ಗೆಲ್ಲಿಸಿದವನು ಜಗತ್ತಿನಲ್ಲಿ ತಾನೇ ಮೊದಲಿಗನಿರಬೇಕು ಎಂದು ದೇವಾನಂದನಿಗೆ ಅನಿಸಿತು. ಇನ್ನು ಮರುಪರೀಕ್ಷೆಗೆ ಸಮಯವಿರಲಿಲ್ಲ. ಬೆಳಗಾದರೆ ಸಾಹೇಬರು ಬರುತ್ತಾರೆ, ದತ್ತು ದಾರಿ ಕಾಯುತ್ತಿರುತ್ತಾನೆ. ಅವನು ಸೀಲು ಮುರಿಯದ ಸಿಂಥೆಟಿಕ್ ಡಬ್ಬಿಯನ್ನು ಚೀಲಕ್ಕೆ ಹಾಕಿದ. ಅದೇ ಯಾಕೆಂದರೆ ಡಬ್ಬಿ ಹೊಳೆಯುತ್ತಿತ್ತು, ಹೆಸರು ದೊಡ್ಡದಿತ್ತು. ಬೇರೆ ಪುರಾವೆ ಇರಲಿಲ್ಲ.

ಮರುದಿನ ಸ್ಕೂಟರಿನ ಮೇಲೆ ಗಂಡ ಹೆಂಡತಿ ಹೊರಟರು. ಹಿಂದೆ ಕೂತ ಶಿವಕಾಂತಾಳ ತೊಡೆಯ ಮೇಲೆ ಐದು ಲೀಟರಿನ ಖಾಲಿ ಕ್ಯಾನು. ದಾರಿಯ ಪೆಟ್ರೋಲ್ ಪಂಪಿನಲ್ಲಿ ಕ್ಯಾನು ತುಂಬಿಸುವಾಗ ದೇವಾನಂದನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು: ಐವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ, ಐದು ಲೀಟರಿಗೆ ಸರಿಯಾಗಿ ನೂರು ಮಿಲಿ.

ಆಣೆಕಟ್ಟಿನ ಬಳಿ ಅವರು ತಲುಪಿದಾಗ ದೋಣಿ ಮದುಮಗನಂತೆ ಸಿಂಗರಿಸಿಕೊಂಡು ನಿಂತಿತ್ತು. ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೆಪೂಜೆ ಮುಗಿದು ಎಂಟು ದಿನವಾಗಿದ್ದರೂ ದತ್ತುವಿನ ತಾಯಿ ಸಾಬವ್ವ ಸಾಹೇಬರ ಬರವಿಗೆಂದು ಮತ್ತೊಮ್ಮೆ ಪೂಜೆ ಮಾಡಿದ್ದಳು. ಮೋಟಾರಿನ ಮುಖಕ್ಕೆ ಅಂಗೈ ಅಗಲ ಭಂಡಾರದ ಅರಿಸಿನ, ಅದರ ಮೇಲೆ ಬೆರಳು ದಪ್ಪ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ. ದೇವಾನಂದ ಆ ಮೋಟಾರನ್ನು ನೋಡಿದ್ದು ಅದೇ ಮೊದಲ ಸಲ.

"ಯಾವ್ದು ಗೆದ್ದಿತು ಭಾವಾ?" ದತ್ತು ಓಡಿ ಬಂದ.

"ಸಿಂಥೆಟಿಕ್," ಎಂದ ದೇವಾನಂದ, ಹೆಂಡತಿಯ ಕಡೆ ನೋಡದೆ.

"ಸಿಂಥೆಟಿಕ್ ಅಂದ್ರ ನೈಲಾನ್ ಸೀರಿ ಇದ್ದಂಗೇನ್ರಿ ಅಳಿಯಾರ?" ಎಂದಳು ಸಾಬವ್ವ. "ಉರಿ ತಾಗಿದ್ರ ಮೈಗೆ ಹತ್ಕೋತದ. ನೋಡಿ ಹಾಕ್ರಿ."

ದೇವಾನಂದ ಅಳತೆಗಾಜು ತೆಗೆದು, ಕಣ್ಣಿನ ಮಟ್ಟಕ್ಕೆ ಹಿಡಿದು, ನೂರು ಮಿಲಿಗೆ ಒಂದು ಹನಿ ಹೆಚ್ಚಿಲ್ಲ ಒಂದು ಹನಿ ಕಡಿಮೆಯಿಲ್ಲ ಎಂಬಂತೆ ಸಿಂಥೆಟಿಕ್ ಎಣ್ಣೆಯನ್ನು ಕ್ಯಾನಿಗೆ ಸುರಿದು ಅಲುಗಾಡಿಸಿ ಮೋಟಾರಿನ ಟ್ಯಾಂಕಿಗೆ ತುಂಬಿದ. ಅಷ್ಟರಲ್ಲಿ ಸಾಹೇಬರ ಬಿಳಿ ಮಾರುತಿ ಬಂದು ನಿಂತಿತು. ಜೊತೆಗೆ ಬಂದಿದ್ದ ಅವರ ಹೆಂಡತಿ ತಂಪು ಕನ್ನಡಕ ಏರಿಸಿಕೊಂಡು ನೇರವಾಗಿ ದೋಣಿಗಿಳಿದು ನಡುಹಲಗೆಯ ಮೇಲೆ ಕೂತೇಬಿಟ್ಟರು.

ದತ್ತು ಹಗ್ಗ ಜಗ್ಗಿದ. ಮೋಟಾರು ಎರಡು ಸಲ ಕೆಮ್ಮಿ ಎದ್ದಿತು. ಅದರ ಹಿಂದೆಯೇ ಹೊಗೆ ಎದ್ದಿತು. ಮೊದಲು ಚೆಂಡುಹೂವು ಕಾಣದಾಯಿತು, ಆಮೇಲೆ ದತ್ತು, ಆಮೇಲೆ ಸಾಹೇಬರ ಹೆಂಡತಿ. ನೀರಿನ ಮೇಲೆ ಏಳು ಬಣ್ಣದ ಎಣ್ಣೆಯ ಪೊರೆ ಹರಡಿಕೊಳ್ಳತೊಡಗಿತು.

"ಹೀ ಬೋಟ್ ಆಹೇ ಕೀ ಡಾಸ ಮಾರಾಯಚಂ ಮಶೀನ?" ಎಂದು ಸಾಹೇಬರು ಕೇಳಿದರು. ದೋಣಿಯೋ, ಸೊಳ್ಳೆ ಹೊಡೆಯುವ ಯಂತ್ರವೋ ಎಂಬುದು ಆ ಹೊತ್ತಿನಲ್ಲಿ ನ್ಯಾಯವಾದ ಸಂದೇಹವೇ ಆಗಿತ್ತು.

ದತ್ತು ಮೋಟಾರು ನಿಲ್ಲಿಸಿದ. ಅವನ ಮುಖ ಸಣ್ಣದಾಗಿತ್ತು. "ಭಾವಾ, ನನ್ನ ಕೆಲಸ ಹೋತು," ಎಂದ ಮೆಲ್ಲಗೆ.

"ಸಾಧ್ಯ ಇಲ್ಲ. ಐವತ್ತಕ್ಕ ಒಂದು ಹಾಕೀನಿ. ತಪ್ಪಿದ್ರ ಪೆಟ್ರೋಲಿಂದು."

"ಪೆಟ್ರೋಲಿಂದಲ್ರೀ," ಎಂದಳು ಶಿವಕಾಂತಾ ದಡದಿಂದ. "ಪಂಪಿನ್ಯಾಗ ಆ ಹುಡುಗ 'ಆಯಿಲ್ ಟಾಕೂ?' ಅಂದ, ಎಣ್ಣಿ ಹಾಕ್ಲೇನು ಅಂತ. ನೀವು 'ಟಾಕ, ನೇಹಮೀಪ್ರಮಾಣೆ' ಅಂದ್ರಿ, ದಿನದಂಗ ಹಾಕು ಅಂತ. ಅವ ಕ್ಯಾನಿಗೂ ಸ್ಕೂಟರ್ ಎಣ್ಣಿ ಹಾಕಿದ. ಇನ್ನೂರು ಮಿಲಿ."

ಸ್ಕೂಟರೂ ಟೂ-ಸ್ಟ್ರೋಕೇ; ಹದಿನೇಳು ವರ್ಷ ಅದಕ್ಕೆ ಎಣ್ಣೆ ಬೆರೆಸಿದ ಪೆಟ್ರೋಲು ಹಾಕಿಸಿದ ನಾಲಿಗೆ. ಆ ಪ್ರಶ್ನೆಗೆ ಪುಣೆಯ ಯಾವ ಸ್ಕೂಟರ್ ಸವಾರನ ನಾಲಿಗೆಯೂ ತಲೆಯ ಅಪ್ಪಣೆ ಕೇಳುವುದಿಲ್ಲ.

"ನೀ ಅಲ್ಲೇ ಯಾಕ ತಡೀಲಿಲ್ಲ?"

"ಹತ್ತನೇ ಪ್ರಯೋಗ ಇರಬೇಕು ಅಂದ್ಕೊಂಡೆ."

ಈ ನಡುವೆ ಮೋಟಾರು ಕಾದೀತೆಂಬ ಭಯಕ್ಕೆ ದತ್ತು ಎರಡು ಬೊಗಸೆ ನೀರು ಅದರ ಮುಖಕ್ಕೆ ಎರಚಿದ್ದ. ಭಂಡಾರ ಕರಗಿತು, ಕುಂಕುಮ ಇಳಿಯಿತು, ಅಡಿಯಲ್ಲಿ ಒಂದು ತಗಡಿನ ಪಟ್ಟಿ ಕಂಡಿತು. ಅದರ ತುಂಬ ಇಂಗ್ಲಿಷ್ ಅಕ್ಷರ. ದೇವಾನಂದ ಪಂಚೆಯ ಚುಂಗಿನಿಂದ ಉಳಿದ ಕುಂಕುಮ ಒರೆಸಿ ಓದಿದ: 'ನೀರಿನಿಂದ ತಂಪಾಗುವ ದೋಣಿ ಇಂಜಿನ್ನಿಗೆಂದೇ ಮಾಡಿದ ಎಣ್ಣೆ ಹಾಕಿ. ಸಾದಾ, ಸಿಂಥೆಟಿಕ್ ಎರಡೂ ನಡೆಯುತ್ತವೆ. ಐವತ್ತಕ್ಕೆ ಒಂದು ಪಾಲು. ಸ್ಕೂಟರಿನ ಎಣ್ಣೆ ಬೇಡ.'

ಎರಡನೆಯ ಸಲವೂ ಓದಿದ. ಅಕ್ಷರಗಳು ಬದಲಾಗಲಿಲ್ಲ.

"ಅದು ಕಂಪನಿ ಹೆಸರು ಇರ್ತದ ಅಂದ್ಕೊಂಡಿದ್ದೆ ಭಾವಾ," ಎಂದ ದತ್ತು. "ನಂಗೆಲ್ಲಿ ಇಂಗ್ಲಿಷ್ ಬರ್ತದ."

ಸಾಹೇಬರು ಕಾರಿನ ಕಡೆ ಹೆಜ್ಜೆ ಹಾಕಿದ್ದರು. ಆದರೆ ಅವರ ಹೆಂಡತಿ ದೋಣಿಯಿಂದ ಏಳಲಿಲ್ಲ. ಒಂದು ಸುತ್ತು ಹಾಕದೆ ಇಳಿಯುವವಳಲ್ಲ ಎಂದು ಕನ್ನಡಕ ಒರೆಸುತ್ತ ಮರಾಠಿಯಲ್ಲಿ ಸ್ಪಷ್ಟಪಡಿಸಿದರು. ಸಾಹೇಬರು ನಿಂತರು. ಶುದ್ಧ ಪೆಟ್ರೋಲು ಎಲ್ಲಿದೆ ಎಂದು ಎಲ್ಲರೂ ಸುತ್ತ ನೋಡಿದರು. ಅದು ಇದ್ದದ್ದು ಒಂದೇ ಕಡೆ, ಸಾಹೇಬರ ಮಾರುತಿಯಲ್ಲಿ.

ಆಗ ದೇವಾನಂದನ ಬಿ.ಎಸ್ಸಿ. ನಿಜವಾಗಿ ಉಪಯೋಗಕ್ಕೆ ಬಂತು. ಕಾಲೇಜಿನಲ್ಲಿ ಪಿಪೆಟ್ಟಿನಿಂದ ದ್ರಾವಣ ಎಳೆದಂತೆ ಅವನು ಕಾರಿನ ಟ್ಯಾಂಕಿಗೆ ರಬ್ಬರಿನ ನಳಿಗೆ ಇಳಿಸಿ ಬಾಯಿಯಿಂದ ಎಳೆದ. ಮೊದಲ ಗುಟುಕು ಅವನ ಪಾಲಿಗೆ ಬಂತು, ಅದನ್ನು ಉಗುಳಿದ. ಮುಂದಿನ ಎರಡು ಲೀಟರು ತೊಳೆದ ಡಬ್ಬಕ್ಕೆ ಬಂತು. ನಲವತ್ತು ಮಿಲಿ ಎಣ್ಣೆ ಬೆರೆಸಿ ದತ್ತುವಿನ ಕೈಗೆ ಕೊಟ್ಟ. ದತ್ತು ಮೋಟಾರಿನ ಟ್ಯಾಂಕಿನಲ್ಲಿದ್ದದ್ದನ್ನು ಕ್ಯಾನಿಗೆ ಬಸಿದು ಹೊಸದನ್ನು ತುಂಬಿದ.

ಒಳಗೆ ಉಳಿದಿದ್ದ ಹಳೆಯ ಮಿಶ್ರಣ ಉರಿದು ಮುಗಿಯುವವರೆಗೆ ಮೋಟಾರು ಇನ್ನೊಮ್ಮೆ ಕೆಮ್ಮಿತು. ಆಮೇಲೆ ಕೆಮ್ಮು ನಿಂತಿತು, ಹೊಗೆ ತೆಳುವಾಯಿತು, ಇಲ್ಲವಾಯಿತು. ದತ್ತು ದೋಣಿಯನ್ನು ದೊಡ್ಡದೊಂದು ಸುತ್ತು ಒಯ್ದು ತಂದ. ಹಿಂದೆ ಬಿಳಿ ನೊರೆಯ ಗೆರೆ ಮಾತ್ರ ಉಳಿದಿತ್ತು. ಸಾಹೇಬರು ನೀರಿಗೆ ಬಾಗಿ ನೋಡಿ, ಹೆಂಡತಿಯ ಮುಖವನ್ನೂ ನೋಡಿ, ಪರವಾನಗಿಯ ಕಾಗದಕ್ಕೆ ಸಹಿ ಹಾಕಿದರು. ಸಾಬವ್ವ ಆ ಕಾಗದಕ್ಕೂ ಕುಂಕುಮ ಹಚ್ಚಲು ಹೋದಾಗ ಶಿವಕಾಂತಾ ಅವಳ ಕೈ ಹಿಡಿದಳು.

ದತ್ತುವಿಗೆ ಹೆಮ್ಮೆ ತಡೆಯಲಾಗಲಿಲ್ಲ. ಇವರು ನಮ್ಮ ಭಾವ, ದೊಡ್ಡ ಶಾಸ್ತ್ರಜ್ಞರು, ಎಣ್ಣೆ ಆರಿಸಲು ಒಂಬತ್ತು ಪ್ರಯೋಗ ಮಾಡಿದ್ದಾರೆ ಎಂದು ಸಾಹೇಬರಿಗೆ ಮರಾಠಿಯಲ್ಲಿ ವರದಿ ಒಪ್ಪಿಸಿದ.

"ಹೌದೇ?" ಎಂದರು ಸಾಹೇಬರು. "ಇಲ್ಲಿ ಇನ್ನೂ ನಾಲ್ಕು ದೋಣಿಯವರು ಮೋಟಾರು ಕೂರಿಸುತ್ತಾರಂತೆ. ಎಣ್ಣೆಯ ವಿಷಯದಲ್ಲಿ ಅವರು ಏನು ಮಾಡಬೇಕು ಎಂದು ನಿಮ್ಮ ಕೈಯಾರೆ ಬರೆದುಕೊಡಿ. ಆಫೀಸಿನ ಗೋಡೆಗೆ ಹಚ್ಚಿಸುತ್ತೇನೆ."

ದೇವಾನಂದ ಚೀಲದಿಂದ ನೋಟುಬುಕ್ಕು ತೆಗೆದ. ನಲವತ್ತು ಪುಟ ಪ್ರಯೋಗ, ಕೋಷ್ಟಕ, ಏಳು-ಎರಡರ ತೀರ್ಪು. ದತ್ತು ಭಕ್ತಿಯಿಂದ ನೋಡುತ್ತಿದ್ದ. ಶಿವಕಾಂತಾ ಮೋಟಾರಿನ ಮಾಲೆ ಸರಿಪಡಿಸಲು ಆ ಕಡೆ ಹೋದಳು. ಅದು ಅವಳು ಅವನಿಗೆ ತೋರಿದ ದೊಡ್ಡ ದಯೆ. ಅವನು ಆ ನಲವತ್ತು ಪುಟಗಳನ್ನು ಮಗುಚಿ, ಖಾಲಿ ಹಾಳೆಯೊಂದನ್ನು ಹರಿದು, ಮರಾಠಿಯಲ್ಲಿ, ದುಂಡು ಅಕ್ಷರದಲ್ಲಿ ಬರೆದುಕೊಟ್ಟ.

ಸಾಹೇಬರು ಓದಿದರು: 'ಮೋಟಾರಿನ ಮೇಲಿನ ಕುಂಕುಮ ಒರೆಸಬೇಕು. ಅದರ ಕೆಳಗೆ ಬರೆದದ್ದನ್ನು ಓದಬೇಕು.'

ಹಾಳೆಯನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಿತ್ತು.

"ಹಾಗಾದರೆ ಆ ಒಂಬತ್ತು ಪ್ರಯೋಗ?"

ದೇವಾನಂದ ಬಾಯಲ್ಲಿ ಉಳಿದ ಪೆಟ್ರೋಲಿನ ರುಚಿಯನ್ನು ನುಂಗಿಕೊಂಡ. "ಅವು ಓದು ಬಂದೂ ಓದದವರು ಮಾಡುವಂಥವು, ಸಾಹೇಬರೇ," ಎಂದ.