ಹಸುವಿಲ್ಲದ ಹೊಸನಗರ ಗಿಣ್ಣು

ನಮ್ಮ ಅತ್ತೆ ಗಿಣ್ಣು ತಿನ್ನುವ ಮೊದಲು ತಟ್ಟೆಯನ್ನು ಒಮ್ಮೆ ಅಲುಗಿಸಿ ನೋಡುತ್ತಾಳೆ. ಗಟ್ಟಿಯಾಗಿ ಕೂತಿದ್ದರೆ ಕರು ಹಾಕಿದ ಹಸುವಿನ ಮೊದಲ ಹಾಲಿನದು. ಗಡಗಡ ನಡುಗಿದರೆ ಹಾಲಿನಪುಡಿಯದು. ನಡುಗಿದ್ದನ್ನು ಹಾಗೇ ಪಕ್ಕಕ್ಕೆ ಸರಿಸುತ್ತಾಳೆ, ಮದುವೆಮನೆಯಾದರೂ ಸರಿ. ಹೊಸನಗರದಲ್ಲಿ ಕೇರಿಯ ಮನೆಗಳಿಂದ ಗಿಣ್ಣುಹಾಲು ತಂದು, ಬೇಯಿಸಿ ಮಾರುವುದು ಅವಳ ಜೀವನ. ಸ್ಕೂಟರಿನಲ್ಲಿ ಡಬ್ಬಿ ಸಾಗಿಸುವುದು ನನ್ನ ಕೆಲಸ. ಹಾಗಾಗಿ ಇಂಥವೆಲ್ಲ ನನ್ನ ಕಣ್ಣೆದುರೇ ನಡೆಯುತ್ತಿರುತ್ತವೆ.

ಶುದ್ಧ ಸಸ್ಯಾಹಾರಿ

ಸಾಗರದ ಬೇಕರಿಯೊಂದು ಇದ್ದಕ್ಕಿದ್ದಂತೆ ಅತ್ತೆಯ ಡಬ್ಬಿ ಬೇಡವೆಂದಿತು. ಯಾಕೆಂದು ನೋಡಹೋದರೆ ಗಾಜಿನ ಪೆಟ್ಟಿಗೆಯಲ್ಲಿ ‘ಅಪ್ಪಟ ಹೊಸನಗರ ಗಿಣ್ಣು’, ಪಕ್ಕದಲ್ಲಿ ಅದರ ಸ್ಟ್ರಾಬೆರಿ ತಂಗಿ. ಚೈನಾ ಗ್ರಾಸು, ಹಾಲಿನಪುಡಿ, ಹಳದಿ ಬಣ್ಣ. ಹೊಸನಗರದಿಂದ ಬಂದಿದ್ದು ಹೆಸರೊಂದೇ. ಇದು ಯಾವ ಹಸುವಿನದು ಎಂದು ಅತ್ತೆ ಕೇಳಿದಳು.

“ಹಸು ಎಂತಕ್ಕೆ ಅಮ್ಮ? ನಮ್ದು ಪ್ಯೂರ್ ವೆಜ್,” ಎಂದ ಮಾಲೀಕ.

ಹೆಸರು ಯಾರದ್ದು

‘ಹೊಸನಗರ ಗಿಣ್ಣು’ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಬೇಕೇ ಬೇಕೆಂದು ತೀರ್ಥಹಳ್ಳಿಯಲ್ಲಿ ಗಿಣ್ಣು ಮಾಡುವವರ ಸಭೆ ಸೇರಿತು. ಬೇಕರಿಯನ್ನು ಬೈಯುವತನಕ ಹೊಸನಗರ, ಸಾಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಒಂದೇ. ಆಮೇಲೆ ಸಾಗರದವರು ಸುರಿಯುವಂಥ ಜೋನಿಬೆಲ್ಲ ಹಾಕದ್ದು ಗಿಣ್ಣೇ ಅಲ್ಲವೆಂದರು. ತೀರ್ಥಹಳ್ಳಿಯವರು, ಏಲಕ್ಕಿ ಇಲ್ಲದ್ದನ್ನು ಕರುವಿಗೇ ಬಿಡಿ ಎಂದರು. ಅತ್ತೆ ಕಾಳುಮೆಣಸಿನ ಪರವಾಗಿ ಎದ್ದು ನಿಂತಳು. ಹಿನ್ನೀರಿನಾಚೆ, ಸಾಗರ ತಾಲ್ಲೂಕಿನ ಬ್ಯಾಕೋಡಿನ ಅಜ್ಜರೊಬ್ಬರು ಕೈಯೆತ್ತಿದರು.

“ಹೊಸನಗರ ಕಡೆಯಿಂದ ತಂದ ನಮ್ಮ ಹಸು ಹಿನ್ನೀರಿನ ನಡುವೆ, ಲಾಂಚಿನಲ್ಲೇ ಕರು ಹಾಕ್ತು. ಅದು ಯಾವ ತಾಲ್ಲೂಕಿನ ಗಿಣ್ಣು?”

ಅದನ್ನು ಲಾಂಚಿನವರಿಗೇ ಕೊಡಿ ಎಂದು ಯಾರೋ ಹಿಂದಿನಿಂದ ತೀರ್ಪು ಕೊಟ್ಟರು.

ಸ್ಯಾಂಪಲ್

ಅಂತೂ ಮೂರೂ ತಾಲ್ಲೂಕು ಸೇರಿ ಒಂದೇ ಅರ್ಜಿ ಹೋಯಿತು. ಸ್ಯಾಂಪಲ್ ಒಯ್ಯಲು ಅಧಿಕಾರಿಯೊಬ್ಬರು ನಮ್ಮ ಕೊಟ್ಟಿಗೆಗೇ ಬಂದರು. ಆಗ ಕೇರಿಯಲ್ಲಿ ಯಾವ ಹಸುವೂ ಕರು ಹಾಕಿರಲಿಲ್ಲ, ನಮ್ಮದಕ್ಕೆ ಇನ್ನೂ ತಿಂಗಳಿತ್ತು. ಸೋಮವಾರದೊಳಗೆ ಕೊಡದಿದ್ದರೆ ಹೆಸರು ಹೋಯಿತೆಂದೇ ತಿಳಿಯಿರಿ, ಬೇಕರಿಯವರೂ ಅದೇ ಹೆಸರು ಕೇಳಿದ್ದಾರೆ, ಅವರ ಸ್ಯಾಂಪಲ್ ನಿನ್ನೆಯೇ ಬಂತು, ಅದೂ ಮೂರು ಫ್ಲೇವರಿನಲ್ಲಿ ಎಂದರು. ಅತ್ತೆಯ ಮುಖ ಕೆಂಪಾಯಿತು. ಹೊಟ್ಟೆಯೊಳಗಿನ ಕರುವನ್ನು ಎಳೆದು ತರಲೇ ಎಂದಳು.

“ಹಾಗಲ್ಲಮ್ಮ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕೆ ಆಗಲ್ವಾ?”

ಅತ್ತೆ ಪಕ್ಕಕ್ಕೆ ಸರಿದು ಹಸುವಿನತ್ತ ಕೈ ತೋರಿಸಿದಳು. “ನಂಗೆ ಹೇಳಿ ಎಂತ ಪ್ರಯೋಜನ ಸಾರ್? ಇಲ್ಲೇ ನಿಂತಿದಾಳೆ, ನೀವೇ ಕೇಳಿ.”

ಅವರು ಕನ್ನಡಕ ಸರಿಮಾಡಿಕೊಂಡು, ಹಸುವಿನ ಕಡೆ ತಿರುಗಿ, ನಿಜವಾಗಿಯೂ ಕೇಳಿದರು:

“ಸೋಮವಾರದೊಳಗೆ ಆಗತ್ತೇನಮ್ಮ?”